ಬಿಎಫ್‌ಸಿ ಅಭಿಮಾನಿಯ ಲೆಕ್ಕಪುಸ್ತಕ: ಒಂದು ಋತುವಿನ ನಿರೀಕ್ಷೆಯನ್ನು ಬರೆದಿಡುವ ಬಗೆ

ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ (ಬಿಎಫ್‌ಸಿ) ಪಂದ್ಯ ಮುಗಿದ ಮೇಲೆ ಕಂಠೀರವ ಕ್ರೀಡಾಂಗಣದಿಂದ ಹೊರಬರುವವರ ಮಾತಿಗೆ ಕಿವಿಗೊಟ್ಟರೆ ಎರಡು ಬಗೆಯ ಅಭಿಮಾನಿಗಳಿದ್ದಾರೆ ಅನ್ನಿಸುತ್ತದೆ. ಋತುವಿನ ಮೊದಲ ಪಂದ್ಯ ಗೆದ್ದ ರಾತ್ರಿಯೇ ಕಪ್ ಎತ್ತುವ ದಿನಕ್ಕೆ ರಜೆ ಹಾಕುವ ಮಾತಾಡುವವರು ಒಬ್ಬರು. ಸತತ ಎರಡು ಪಂದ್ಯ ಸೋತರೆ ಕೋಚ್‌ನಿಂದ ಹಿಡಿದು ಗೋಲ್‌ಕೀಪರ್‌ವರೆಗೆ ಎಲ್ಲರನ್ನೂ ಬದಲಿಸಬೇಕೆನ್ನುವವರು ಇನ್ನೊಬ್ಬರು. ಹತ್ತು ವರ್ಷ ಅದೇ ಗೇಟಿನಿಂದ ಹೋಗಿ ಬಂದ ಮೇಲೆ ನನಗೆ ಗೊತ್ತಾದದ್ದು, ಇವರಿಬ್ಬರೂ ಒಬ್ಬರೇ ಎಂಬುದು. ನಾನೂ ಅವರಲ್ಲೇ ಒಬ್ಬನಾಗಿದ್ದೆ. ಈಗ ಪ್ರತಿ ಋತುವಿಗೂ ನೂರು ಪುಟದ ಒಂದು ನೋಟ್‌ಬುಕ್ ಇಟ್ಟುಕೊಂಡು, ಮನೆಯ ಖರ್ಚಿನ ಲೆಕ್ಕ ಬರೆಯುವಂತೆ ತಂಡದ ಮೇಲಿನ ನಿರೀಕ್ಷೆಯನ್ನು ಬರೆಯುತ್ತೇನೆ. ಅದನ್ನು ಮಾಡುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಋತು ಅರ್ಧ ಕಳೆದಿದ್ದರೂ ಪುಸ್ತಕ ತೆರೆಯಲು ಅಡ್ಡಿಯಿಲ್ಲ. ಅಂದಿನವರೆಗಿನ ಫಲಿತಾಂಶಗಳನ್ನು ಒಂದು ಪುಟದಲ್ಲಿ ಇಳಿಸಿಕೊಂಡರೆ ಸಾಕು.

ಮೊದಲ ಪುಟದಲ್ಲಿ ತಂಡದ ಹೆಸರಿಗಿಂತ ಮುಂಚೆ ಲೀಗಿನ ನಿಯಮವನ್ನು ಬರೆಯಬೇಕು. ಇಂಡಿಯನ್ ಸೂಪರ್ ಲೀಗಿನ (ಐಎಸ್‌ಎಲ್) ಸ್ವರೂಪ ಪದೇ ಪದೇ ಬದಲಾಗಿದ್ದು, ಹಳೆಯ ಋತುವಿನ ಅಳತೆಗೋಲನ್ನು ಹೊಸದಕ್ಕೆ ಹಿಡಿದರೆ ಲೆಕ್ಕ ಬುಡದಲ್ಲಿಯೇ ತಪ್ಪುತ್ತದೆ. ಬಿಎಫ್‌ಸಿ ಐ-ಲೀಗ್ ಎಂಬ ಇನ್ನೊಂದು ರಾಷ್ಟ್ರೀಯ ಲೀಗ್ ಬಿಟ್ಟು ಇಲ್ಲಿಗೆ ಬಂದ 2017-18ರಲ್ಲಿ ಪ್ರತಿ ತಂಡಕ್ಕೆ 18 ಪಂದ್ಯಗಳಿದ್ದು, ಮೊದಲ ನಾಲ್ಕು ತಂಡಗಳು ಮಾತ್ರ ಸೆಮಿಫೈನಲ್‌ಗೆ ಹೋಗುತ್ತಿದ್ದವು. 2022-23ರಿಂದ ಆರು ತಂಡಗಳಿಗೆ ಮುಂದಿನ ಹಂತದ ಅವಕಾಶ ದೊರೆಯಿತು. ಮೊದಲೆರಡು ಸ್ಥಾನದವರು ನೇರವಾಗಿ ಸೆಮಿಫೈನಲ್‌ಗೆ, ಉಳಿದ ನಾಲ್ವರು, ಸೋತರೆ ಹೊರಬೀಳುವ ಒಂದೇ ಪಂದ್ಯದ ನಾಕೌಟ್‌ಗೆ. 2025-26ರಲ್ಲಿಯಂತೂ ಲೀಗಿನ ಹಕ್ಕುಗಳ ಒಪ್ಪಂದದ ಬಿಕ್ಕಟ್ಟಿನಿಂದಾಗಿ ಸೆಪ್ಟೆಂಬರ್‌ನಲ್ಲಿ ಶುರುವಾಗಬೇಕಿದ್ದ ಆಟ 2026ರ ಫೆಬ್ರುವರಿ 14ಕ್ಕೆ ಹೋಯಿತು; 14 ತಂಡಗಳು ಪರಸ್ಪರ ಒಂದೊಂದೇ ಸಲ ಎದುರಾಗುವಂತೆ ಒಟ್ಟು 91 ಪಂದ್ಯಗಳಿಗೆ ಅದನ್ನು ಇಳಿಸಲಾಯಿತು. ಹಿಂದಿನ ಋತುವಿನಲ್ಲಿ 24 ಪಂದ್ಯ ಆಡಿದ್ದ ತಂಡಕ್ಕೆ ಆ ಸಲ 13 ಮಾತ್ರ. ಆದ್ದರಿಂದ ಒಟ್ಟು ಎಷ್ಟು ಪಂದ್ಯ, ಕೊನೆಯಲ್ಲಿ ನಾಕೌಟ್ ಇದೆಯೋ ಇಲ್ಲವೋ, ಇದ್ದರೆ ಎಷ್ಟನೇ ಸ್ಥಾನದವರೆಗೆ ಬಾಗಿಲು ತೆರೆದಿದೆ, ಎರಡು ತಂಡಗಳ ಅಂಕ ಸಮವಾದರೆ ಯಾರು ಮೇಲೆ, ಈ ನಾಲ್ಕು ಉತ್ತರಗಳನ್ನು ಬರೆದುಕೊಂಡೇ ಪುಟ ತಿರುಗಿಸಬೇಕು. ಕೊನೆಯ ಪ್ರಶ್ನೆ ಕ್ಷುಲ್ಲಕವೆನಿಸಬಹುದು. ಆದರೆ 2018-19ರಲ್ಲಿ ಬಿಎಫ್‌ಸಿ ಮತ್ತು ಎಫ್‌ಸಿ ಗೋವಾ ಎರಡೂ 34 ಅಂಕಗಳಲ್ಲಿ ನಿಂತಾಗ ನಮ್ಮನ್ನು ಮೇಲೆ ಕೂರಿಸಿದ್ದು ಪರಸ್ಪರ ಪಂದ್ಯಗಳ ಫಲಿತಾಂಶವೇ.

ಪಂದ್ಯಗಳ ಸಂಖ್ಯೆ ಹೀಗೆ ಏರುಪೇರಾಗುವುದರಿಂದ ಒಟ್ಟು ಅಂಕಗಳನ್ನು ಹೋಲಿಸಿ ಪ್ರಯೋಜನವಿಲ್ಲ. ಅಂಕಗಳನ್ನು ಪಂದ್ಯಗಳಿಂದ ಭಾಗಿಸಿ, ಪಂದ್ಯಕ್ಕೆ ಎಷ್ಟು ಅಂಕ ಎಂಬ ಸರಾಸರಿಯನ್ನು ತೆಗೆಯಬೇಕು. ನಮ್ಮ ತಂಡದ ಹಿಂದಿನ ಋತುಗಳು ಎರಡನೆಯ ಪುಟದಲ್ಲಿ ಹೀಗೆ ಕಾಣುತ್ತವೆ: 2017-18ರಲ್ಲಿ 18 ಪಂದ್ಯಗಳಿಂದ 40 ಅಂಕ, ಸರಾಸರಿ 2.22, ಅಗ್ರಸ್ಥಾನ, ಮರುವರ್ಷ 1.89, ಮತ್ತೆ ಅಗ್ರಸ್ಥಾನ. 2019-20ರಲ್ಲಿ 30 ಅಂಕಗಳೊಂದಿಗೆ 1.67, ಮೂರನೆಯ ಸ್ಥಾನ. 2020-21ರಲ್ಲಿ 20 ಪಂದ್ಯಗಳಿಂದ 22 ಅಂಕ, ಅಂದರೆ 1.1, ಏಳನೆಯ ಸ್ಥಾನ, 2021-22ರಲ್ಲಿ 1.45, ಆರನೆಯದು, 2022-23ರಲ್ಲಿ 1.7, ನಾಲ್ಕನೆಯದು, 2023-24ರಲ್ಲಿ 22 ಪಂದ್ಯಗಳಿಂದ 22 ಅಂಕ, ಹತ್ತನೆಯ ಸ್ಥಾನ, 2024-25ರಲ್ಲಿ 24 ಪಂದ್ಯಗಳಿಂದ 38 ಅಂಕ, ಸರಾಸರಿ 1.58, ಮೂರನೆಯ ಸ್ಥಾನ. ಇದರ ಪಕ್ಕದಲ್ಲಿ ಆರನೆಯ ಸ್ಥಾನಕ್ಕೆ ಬೇಕಾದ ಸರಾಸರಿಯನ್ನೂ ಬರೆಯಿರಿ. 2023-24ರಲ್ಲಿ 22 ಪಂದ್ಯಗಳಿಂದ 27 ಅಂಕ ಗಳಿಸಿದ ತಂಡ ಆರನೆಯದಾಯಿತು. ಮರುವರ್ಷ ಅದೇ ಸ್ಥಾನಕ್ಕೆ 24 ಪಂದ್ಯಗಳಿಂದ 36 ಬೇಕಾಯಿತು. ಅಂದರೆ 1.2ರಿಂದ 1.5ರವರೆಗೆ ಹೊಸ್ತಿಲು, 1.6 ದಾಟಿದರೆ ನೆಮ್ಮದಿ. ಎರಡರ ಹತ್ತಿರ ಬಂದರೆ ಅಗ್ರಸ್ಥಾನದ ಮಾತಾಡಬಹುದು, ಆದರೂ ಮಾತಾಡಬಹುದು ಅಷ್ಟೆ. 2024-25ರಲ್ಲಿ ಮೋಹನ್ ಬಾಗಾನ್ 24 ಪಂದ್ಯಗಳಿಂದ 56 ಅಂಕ ಗಳಿಸಿ, ಲೀಗ್ ಹಂತದ ಅಗ್ರಸ್ಥಾನದ ಪ್ರಶಸ್ತಿಯಾದ ಶೀಲ್ಡ್ ಗೆದ್ದದ್ದನ್ನು ನೆನೆದರೆ ಎರಡು ಕೂಡ ಸಾಲದು. ಹದಿಮೂರೇ ಪಂದ್ಯಗಳಿರುವ ಋತುವಿಗೆ ಇದನ್ನು ಇಳಿಸಿದಾಗ 1.5ರ ಸರಾಸರಿಗೆ 20 ಅಂಕ, ಎರಡರ ಸರಾಸರಿಗೆ 26 ಅಂಕ ಬೇಕಾಗುತ್ತದೆ.

ಮೂರನೆಯ ಪುಟವನ್ನು ನಿಧಾನವಾಗಿ ಬರೆಯಬೇಕು, ಏಕೆಂದರೆ ನಾನು ಮೋಸಹೋದದ್ದು ಇಲ್ಲಿಯೇ. ಪುಟದ ನಡುವೆ ಗೆರೆ ಎಳೆದು ಎಡಕ್ಕೆ ತಂಡ ಬಿಟ್ಟುಹೋದವರ ಹೆಸರು, ಬಲಕ್ಕೆ ಹೊಸದಾಗಿ ಬಂದವರ ಹೆಸರು ಬರೆಯಿರಿ. ಎಡಭಾಗವನ್ನು ಮೊದಲು ತುಂಬಿಸುವುದು ಕಡ್ಡಾಯ. ಹೊಸ ಆಟಗಾರನ ಹೆಸರಿನ ಹಿಂದೆ ಅವನು ಹಿಂದೆ ಹೊಡೆದ ಗೋಲುಗಳ ಚಿತ್ರಗಳು ಮೆರವಣಿಗೆ ಬರುತ್ತವೆ. ಹೋದವನು ತಡೆದ ಗೋಲುಗಳನ್ನು ಯಾರೂ ತೋರಿಸುವುದಿಲ್ಲ. 2022-23ರಲ್ಲಿ ಬಿಎಫ್‌ಸಿ ಮೂರು ಫೈನಲ್ ಆಡಿತ್ತು: ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿ ಡುರಾಂಡ್ ಕಪ್ ಗೆದ್ದಿತ್ತು, ಐಎಸ್‌ಎಲ್ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತ್ತು, ಸೂಪರ್ ಕಪ್‌ನಲ್ಲಿ ಒಡಿಶಾಕ್ಕೆ 1-2ರಿಂದ ಮಣಿದಿತ್ತು. ಆ ಗುಂಗಿನಲ್ಲಿ ನಾನು 2023ರ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡ ಅಕ್ಷರಗಳಲ್ಲಿ ‘ಶೀಲ್ಡ್’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ರಕ್ಷಣೆಯಿಂದ ಸಂದೇಶ್ ಜಿಂಗನ್ ಗೋವಾಕ್ಕೆ ಹೋದದ್ದು, ಮುಂಚೂಣಿಯಿಂದ ರಾಯ್ ಕೃಷ್ಣ ಒಡಿಶಾಕ್ಕೆ ಹೋದದ್ದು, ಅಂಚಿನಲ್ಲಿ ವರ್ಷಗಟ್ಟಲೆ ಓಡಿದ್ದ ಉದಾಂತ ಸಿಂಗ್ ಕೂಡ ಗೋವಾ ಸೇರಿದ್ದು ನನಗೆ ಗೊತ್ತಿತ್ತು, ಬರೆದಿರಲಿಲ್ಲ ಅಷ್ಟೆ. ಮೈದಾನದ ಮೂರೂ ಭಾಗಗಳಿಂದ ಒಂದೊಂದು ಕಂಬ ಕಳಚಿದ್ದನ್ನು ಕಾಗದದ ಮೇಲೆ ಒಟ್ಟಿಗೆ ನೋಡಿದ್ದರೆ ಆ ಎರಡು ಗೆರೆಗಳನ್ನು ಎಳೆಯುತ್ತಿರಲಿಲ್ಲ. ಋತು ಹತ್ತನೆಯ ಸ್ಥಾನದಲ್ಲಿ ಮುಗಿಯಿತು.

ಬಲಭಾಗವನ್ನು ತುಂಬಿಸುವಾಗ ಇನ್ನೊಂದು ವಿಷಯ ಗಮನದಲ್ಲಿರಲಿ. ಐಎಸ್‌ಎಲ್‌ನಲ್ಲಿ ಒಂದು ತಂಡ ಏಕಕಾಲಕ್ಕೆ ನಾಲ್ವರಿಗಿಂತ ಹೆಚ್ಚು ವಿದೇಶಿ ಆಟಗಾರರನ್ನು ಅಂಗಣಕ್ಕೆ ಇಳಿಸುವಂತಿಲ್ಲ ಎಂಬ ನಿಯಮ 2021-22ರಲ್ಲಿ ಬಂತು. ಹನ್ನೊಂದರಲ್ಲಿ ಕನಿಷ್ಠ ಏಳು ಮಂದಿ ಭಾರತೀಯರು. ಪತ್ರಿಕೆಗಳು ಸ್ಪೇನ್‌ನಿಂದ ಬಂದ ಸ್ಟ್ರೈಕರ್‌ನ ಬಗ್ಗೆ ಬರೆಯುತ್ತವೆ, ಋತುವಿನ ಹಣೆಬರಹ ಬರೆಯುವವರು ಬಹುಪಾಲು ಆ ಏಳು ಮಂದಿ. ಆದ್ದರಿಂದ ಗೋಲ್‌ಕೀಪರ್, ಎರಡೂ ಅಂಚಿನ ಡಿಫೆಂಡರ್‌ಗಳು, ನಡುವಿನ ಒಬ್ಬ ಡಿಫೆಂಡರ್ ಮತ್ತು ಮಿಡ್‌ಫೀಲ್ಡ್‌ನ ಇಬ್ಬರು, ಈ ಆರು ಜಾಗಗಳಿಗೆ ಯಾವ ಭಾರತೀಯ ಆಟಗಾರರಿದ್ದಾರೆ, ಅವರು ಗಾಯಗೊಂಡರೆ ಬದಲಿ ಯಾರು ಎಂಬುದನ್ನು ಬರೆದು ನೋಡಬೇಕು. ಗುರ್‌ಪ್ರೀತ್ ಸಿಂಗ್ ಸಂಧು 2017ರಿಂದ ಇಲ್ಲಿದ್ದಾರೆ. ಸುರೇಶ್ ಸಿಂಗ್ ವಾಂಗ್ಜಮ್ ಮಿಡ್‌ಫೀಲ್ಡ್‌ನಲ್ಲಿ ಬೆಳೆದು ನಿಂತಿದ್ದಾರೆ. ಆಸ್ಟ್ರೇಲಿಯಾದ ಪೌರತ್ವ ಬಿಟ್ಟು 2025ರಲ್ಲಿ ಭಾರತದ ಪಾಸ್‌ಪೋರ್ಟ್ ಪಡೆದ ರಯಾನ್ ವಿಲಿಯಮ್ಸ್ ಅವರಂಥ ಒಬ್ಬ ಆಟಗಾರನಿದ್ದರೆ ವಿದೇಶಿಯರ ಲೆಕ್ಕದಲ್ಲಿ ಒಂದು ಜಾಗ ಖಾಲಿಯಾಗುತ್ತದೆ. ಇದು ಹೊಸ ಸ್ಟ್ರೈಕರ್ ಬಂದಷ್ಟೇ ದೊಡ್ಡ ಸಂಗತಿ.

ಸುನಿಲ್ ಛೆಟ್ರಿ ಅವರ ಹೆಸರನ್ನು ಎಲ್ಲಿ ಬರೆಯಬೇಕೆಂಬುದು ಬಿಎಫ್‌ಸಿ ಅಭಿಮಾನಿಗೆ ಇರುವ ವಿಶೇಷ ಕಷ್ಟ. 1984ರ ಆಗಸ್ಟ್‌ನಲ್ಲಿ ಹುಟ್ಟಿದ ಅವರು 40ನೆಯ ವಯಸ್ಸಿನಲ್ಲಿ, 2024-25ರ ಋತುವಿನಲ್ಲಿ 14 ಗೋಲು ಹೊಡೆದರು. ಅದು ಮತ್ತೆ ಆಗುತ್ತದೆಂದು ನಂಬಿ ಲೆಕ್ಕ ಹಾಕುವುದು, ಹೋದ ವರ್ಷ ಚೆನ್ನಾಗಿ ಮಳೆ ಬಂತೆಂದು ಈ ವರ್ಷ ಕೆರೆಯ ಹೂಳೆತ್ತದೆ ಬಿಟ್ಟಂತೆ. ಅವರ ಗೋಲುಗಳನ್ನು ಶೂನ್ಯವೆಂದು ಹಿಡಿದು ಉಳಿದವರಿಂದ ಎಷ್ಟು ಬರಬಹುದೆಂದು ಬರೆಯಿರಿ. ಅವರು ಹೊಡೆದದ್ದನ್ನು ಮೇಲಿನ ಆದಾಯವೆಂದು ಬೇರೆ ಸಾಲಿನಲ್ಲಿ ಜಮಾ ಮಾಡಿಕೊಳ್ಳಿ. ಇದರಿಂದ ಅವರ ಮೇಲಿನ ಗೌರವಕ್ಕೆ ಯಾವ ಕುಂದೂ ಬರುವುದಿಲ್ಲ.

ಇಷ್ಟಾದ ಮೇಲೆ ನಾಲ್ಕನೆಯ ಪುಟದಲ್ಲಿ ನಿರೀಕ್ಷೆಯನ್ನು ಮೂರು ಸಾಲುಗಳಲ್ಲಿ ಬರೆಯಬೇಕು. ಆಗಲೇಬೇಕಾದದ್ದು ಒಂದು, ಆಗಬಹುದಾದದ್ದು ಒಂದು, ಆದರೆ ಹಬ್ಬ ಎನ್ನುವಂಥದ್ದು ಒಂದು. ಪ್ರತಿಯೊಂದರ ಮುಂದೆ ಅಂಕ ಅಥವಾ ಸ್ಥಾನ ಇರಲಿ. ‘ಚೆನ್ನಾಗಿ ಆಡಬೇಕು’ ಎಂಬಂಥ ಸಾಲನ್ನು ಬರೆಯಬೇಡಿ, ಏಕೆಂದರೆ ಅದನ್ನು ಯಾವ ಫಲಿತಾಂಶಕ್ಕೆ ಬೇಕಾದರೂ ಒಗ್ಗಿಸಿಕೊಳ್ಳಬಹುದು. ಕೆಳಗೆ ದಿನಾಂಕ ಹಾಕಿ. ಪಕ್ಕದ ಚಿನ್ನಸ್ವಾಮಿ ಕ್ರೀಡಾಂಗಣದ ಅಭಿಮಾನಿಗಳು ‘ಈ ಸಲ ಕಪ್ ನಮ್ದೇ’ ಎಂದು ವರ್ಷವರ್ಷವೂ ಕೂಗಿ, 2025ರ ಜೂನ್‌ನಲ್ಲಿ ಕಡೆಗೂ ಅದನ್ನು ನಿಜ ಮಾಡಿಕೊಂಡರು ಎಂಬುದು ಸರಿಯೇ. ಆದರೆ ಘೋಷಣೆಗೆ ದಿನಾಂಕವಿರುವುದಿಲ್ಲ, ಲೆಕ್ಕಕ್ಕೆ ಇರಬೇಕು.

ಪರಸ್ಪರ ಒಂದೇ ಸಲ ಎದುರಾಗುವ ಚಿಕ್ಕ ಋತುವಿನಲ್ಲಿ ವೇಳಾಪಟ್ಟಿಯನ್ನು ಇನ್ನಷ್ಟು ಸೂಕ್ಷ್ಮವಾಗಿ ಓದಬೇಕಾಗುತ್ತದೆ. 24 ಪಂದ್ಯಗಳಲ್ಲಿ ಪ್ರತಿ ಎದುರಾಳಿಯೂ ಒಮ್ಮೆ ನಮ್ಮ ಊರಿಗೆ ಬರುತ್ತಿದ್ದರಿಂದ ಅನುಕೂಲ ಅನನುಕೂಲಗಳು ಸಮವಾಗುತ್ತಿದ್ದವು. 13 ಪಂದ್ಯಗಳಲ್ಲಿ ತವರಿನಲ್ಲಿ ಆಡುವುದು ಆರೋ ಏಳೋ ಮಾತ್ರ. ಮೋಹನ್ ಬಾಗಾನ್ ಮತ್ತು ಗೋವಾ ತಂಡಗಳು ಬೆಂಗಳೂರಿಗೆ ಬರುತ್ತವೆಯೋ, ನಾವೇ ಕೋಲ್ಕತ್ತಾ ಮತ್ತು ಫತೋರ್ಡಾಕ್ಕೆ ಹೋಗಬೇಕೋ ಎಂಬುದರ ಮೇಲೆಯೇ ನಾಲ್ಕೈದು ಅಂಕಗಳ ವ್ಯತ್ಯಾಸವಾಗಬಹುದೆಂಬುದು ನನ್ನ ಅಂದಾಜು. ಕೆಂಪು ಶಾಯಿಯಲ್ಲಿ ಹೊರಗಿನ ಪಂದ್ಯಗಳನ್ನೂ ನೀಲಿಯಲ್ಲಿ ತವರಿನ ಪಂದ್ಯಗಳನ್ನೂ ಬರೆದು, ಕೆಂಪು ಸಾಲುಗಳು ಒಟ್ಟಿಗೆ ಗುಂಪುಗೂಡಿರುವ ವಾರಗಳನ್ನು ಗುರುತಿಸಿಕೊಂಡರೆ ಆ ವಾರಗಳಲ್ಲಿ ಪಟ್ಟಿಯಲ್ಲಿ ಕೆಳಗಿಳಿದಾಗ ಗಾಬರಿಯಾಗುವುದಿಲ್ಲ.

ಪರಿಷ್ಕರಣೆ ಯಾವಾಗ ಮಾಡಬೇಕು? ಪ್ರತಿ ಪಂದ್ಯದ ನಂತರ ಮಾಡಿದರೆ ಪುಸ್ತಕ ಇಟ್ಟುಕೊಂಡದ್ದಕ್ಕೆ ಅರ್ಥವಿಲ್ಲ. ದೀರ್ಘ ಋತುವಾದರೆ ಆರು ಪಂದ್ಯಗಳಿಗೊಮ್ಮೆ, ಚಿಕ್ಕದಾದರೆ ನಾಲ್ಕು ಪಂದ್ಯಗಳಿಗೊಮ್ಮೆ ನಾನು ಪುಟ ತೆರೆಯುತ್ತೇನೆ. ಅಂದು ಮಾಡಬೇಕಾದ ಲೆಕ್ಕ ಒಂದೇ: ಗುರಿಯ ಅಂಕಗಳಿಂದ ಈಗಿರುವ ಅಂಕಗಳನ್ನು ಕಳೆದು, ಬಂದದ್ದನ್ನು ಉಳಿದ ಪಂದ್ಯಗಳಿಂದ ಭಾಗಿಸುವುದು. ಸಿಗುವ ಸಂಖ್ಯೆ ಎರಡಕ್ಕಿಂತ ಕಡಿಮೆಯಿದ್ದರೆ ನಿರೀಕ್ಷೆಯನ್ನು ಹಾಗೆಯೇ ಉಳಿಸಿಕೊಳ್ಳಿ. ಎರಡನ್ನು ದಾಟಿದರೆ ಒಂದು ಸಾಲು ಕೆಳಗಿಳಿಯಿರಿ: ಹಬ್ಬದಿಂದ ಆಗಬಹುದಾದದ್ದಕ್ಕೆ, ಅಲ್ಲಿಂದ ಆಗಲೇಬೇಕಾದದ್ದಕ್ಕೆ. 2024-25ರಲ್ಲಿ ಮೊದಲ ಐದು ಪಂದ್ಯಗಳಲ್ಲಿ ನಮ್ಮ ತಂಡ ಒಂದೂ ಗೋಲು ಬಿಟ್ಟುಕೊಟ್ಟಿರಲಿಲ್ಲ, ಅದರಲ್ಲಿ ಮೋಹನ್ ಬಾಗಾನ್ ಎದುರಿನ 3-0 ಗೆಲುವೂ ಸೇರಿತ್ತು. ಆ ವೇಗದಲ್ಲಿ ಕೂಡುತ್ತಾ ಹೋಗಿದ್ದರೆ ಶೀಲ್ಡ್ ನಮ್ಮದೇ ಆಗಬೇಕಿತ್ತು. ಕೊನೆಗೆ ಶೀಲ್ಡ್ ಗೆದ್ದವರಿಗೂ ನಮಗೂ ನಡುವೆ 18 ಅಂಕಗಳ ಅಂತರವಿತ್ತು. ಮೊದಲ ಪರಿಷ್ಕರಣೆಯಲ್ಲಿ ಮೇಲಿನ ಸಾಲಿಗೆ ಏರದಿರುವುದು, ಕೆಳಗಿನ ಸಾಲಿಗೆ ಇಳಿಯುವುದಕ್ಕಿಂತ ಕಷ್ಟದ ಕೆಲಸ.

ಈ ನಿಯಮವನ್ನು ಮಣ್ಣುಪಾಲು ಮಾಡಿದ ಒಂದು ಉದಾಹರಣೆ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 2022-23ರಲ್ಲಿ 12 ಪಂದ್ಯಗಳ ನಂತರ ಬಿಎಫ್‌ಸಿ ಬಳಿ ಇದ್ದದ್ದು 10 ಅಂಕ: ಮೂರು ಗೆಲುವು, ಒಂದು ಡ್ರಾ, ಎಂಟು ಸೋಲು. ಆ ವರ್ಷ ಆರನೆಯ ಸ್ಥಾನಕ್ಕೆ 30 ಅಂಕ ಬೇಕಾಯಿತು, ಅಂದರೆ ಉಳಿದ ಎಂಟು ಪಂದ್ಯಗಳಿಂದ 20 ಅಂಕ, ಪಂದ್ಯಕ್ಕೆ 2.5. ನನ್ನ ಸೂತ್ರದ ಪ್ರಕಾರ ಅದು ಮುಗಿದ ಕಥೆ. ಅನಂತರ ತಂಡ ಆ ಎಂಟೂ ಪಂದ್ಯಗಳನ್ನು ಗೆದ್ದಿತು. ಆಗಿನ ಕೋಚ್ ಸೈಮನ್ ಗ್ರೇಸನ್ ಯುವ ಸ್ಟ್ರೈಕರ್ ಶಿವಶಕ್ತಿ ನಾರಾಯಣನ್ ಅವರಿಗೆ ಮುಂದೆ ಜಾಗ ಕೊಟ್ಟರು. ಆವರೆಗೆ 18 ಪಂದ್ಯಗಳಲ್ಲಿ ಸೋಲದಿದ್ದ ಮುಂಬೈ ಸಿಟಿಯನ್ನು ಫೆಬ್ರುವರಿಯಲ್ಲಿ 2-1ರಿಂದ ಮಣಿಸಲಾಯಿತು. ಮಾರ್ಚ್ 3ರ ನಾಕೌಟ್‌ನಲ್ಲಿ ಬದಲಿಯಾಗಿ ಇಳಿದ ಛೆಟ್ರಿ ಹೆಚ್ಚುವರಿ ಅವಧಿಯಲ್ಲಿ ಥಟ್ಟನೆ ತೆಗೆದುಕೊಂಡ ಫ್ರೀಕಿಕ್‌ಗೆ ಪ್ರತಿಭಟಿಸಿ ಕೇರಳ ಬ್ಲಾಸ್ಟರ್ಸ್ ಅಂಗಣ ತೊರೆದದ್ದು ಎಲ್ಲರಿಗೂ ತಿಳಿದ ಕಥೆ. (ಮರುದಿನವೇ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು, ಆ ಎರಡು ದಿನ ನನ್ನ ಪುಸ್ತಕದಲ್ಲಿ ಲೆಕ್ಕವೇ ಇಲ್ಲ, ಬರೀ ಉದ್ಗಾರಗಳಿವೆ.) ಹೀಗಿದ್ದರೂ ನಾನು ಸೂತ್ರವನ್ನು ಬಿಟ್ಟಿಲ್ಲ. ಅಂಥ ಎಂಟು ಗೆಲುವುಗಳು ಈ ಕ್ಲಬ್ಬಿನ ಐಎಸ್‌ಎಲ್ ಜೀವನದಲ್ಲಿ ಒಂದೇ ಸಲ ಬಂದಿವೆ. ಸೂತ್ರಕ್ಕೆ ಮಾಡಿಕೊಂಡ ತಿದ್ದುಪಡಿ ಇಷ್ಟೆ: ನಿರೀಕ್ಷೆಯನ್ನು ಒಂದು ಸಾಲು ಇಳಿಸಿದಾಗ ಮೇಲಿನ ಸಾಲನ್ನು ಕಾಟು ಹಾಕದೆ ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಟ್ಟು ಬಿಡುತ್ತೇನೆ.

ಅಂಕಪಟ್ಟಿ ಹೇಳದಿರುವುದನ್ನು ಅಂಗಣದಲ್ಲಿ ನೋಡಬೇಕು. ಕಂಠೀರವದಲ್ಲಿ ಅಂಗಣದ ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಪ್ರೇಕ್ಷಕರು ಆಟದಿಂದ ದೂರವೇ ಕೂರುತ್ತಾರೆ. ಆಟಗಾರನ ಮುಖ ಕಾಣುವುದಿಲ್ಲ, ಆದರೆ ತಂಡದ ಆಕಾರ ಚೆನ್ನಾಗಿ ಕಾಣುತ್ತದೆ. ಚೆಂಡನ್ನು ಕಳೆದುಕೊಂಡ ಕೂಡಲೇ ಮುಂದಿನ ಮೂವರು ಹಿಂದಕ್ಕೆ ಓಡುತ್ತಾರೋ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾರೋ ನೋಡಿ. ಡಿಫೆಂಡರ್‌ಗಳ ಸಾಲಿಗೂ ಮಿಡ್‌ಫೀಲ್ಡರ್‌ಗಳ ಸಾಲಿಗೂ ನಡುವಿನ ಜಾಗ ಅರವತ್ತನೆಯ ನಿಮಿಷದ ನಂತರ ಅಗಲವಾಗುತ್ತದೆಯೋ ನೋಡಿ. ನನ್ನ ಪುಸ್ತಕದಲ್ಲಿ ಪ್ರತಿ ಪಂದ್ಯಕ್ಕೂ ಎರಡು ಚಿಕ್ಕ ಅಂಕಣಗಳಿವೆ: 75ನೆಯ ನಿಮಿಷದ ನಂತರ ಬಿಟ್ಟ ಗೋಲುಗಳು, ಕಾರ್ನರ್ ಮತ್ತು ಫ್ರೀಕಿಕ್‌ನಿಂದ ಬಿಟ್ಟ ಗೋಲುಗಳು. ಇವೆರಡೂ ತುಂಬುತ್ತಿದ್ದರೆ ಅಂಕಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿದ್ದರೂ ಹುಷಾರಾಗಿರಬೇಕು. ಈ ಅಂಕಣಗಳ ಮೂಲ 2015ರ ಮೇ 31. ಐ-ಲೀಗಿನ ಕೊನೆಯ ದಿನ ಅದೇ ಕಂಠೀರವದಲ್ಲಿ ಮೋಹನ್ ಬಾಗಾನ್ ಎದುರು ಗೆದ್ದರೆ ಪ್ರಶಸ್ತಿ ನಮ್ಮದು ಎಂಬ ಸ್ಥಿತಿಯಿತ್ತು. ಜಾನ್ ಜಾನ್ಸನ್ ಗೋಲಿನಿಂದ ಮುಂದಿದ್ದೆವು. 87ನೆಯ ನಿಮಿಷದಲ್ಲಿ ಒಂದು ಕಾರ್ನರ್. ಬೆಲ್ಲೊ ರಜಾಕ್ ತಲೆಯಿಂದ ಚೆಂಡನ್ನು ಒಳಗಟ್ಟಿದರು. 1-1ರ ಡ್ರಾ ಬಾಗಾನ್‌ಗೆ ಸಾಕಾಯಿತು. ಒಂದೇ ಗೋಲು ನನ್ನ ಎರಡೂ ಅಂಕಣಗಳಿಗೆ ಸೇರುತ್ತದೆ.

ನಾಕೌಟ್ ಹಂತ ಬಂದರೆ ಸರಾಸರಿಗಳ ಪುಟವನ್ನು ಮುಚ್ಚಿಡಬೇಕು; ಅಲ್ಲಿ ಅದು ಯಾವ ಕೆಲಸಕ್ಕೂ ಬರುವುದಿಲ್ಲ. 2025ರ ಮಾರ್ಚ್ 11ರಂದು ಮುಂಬೈ ಸಿಟಿ ಕಂಠೀರವಕ್ಕೆ ಬಂದು ನಮ್ಮನ್ನು 2-0ರಿಂದ ಸೋಲಿಸಿ ಆರನೆಯ ಸ್ಥಾನ ಗಿಟ್ಟಿಸಿಕೊಂಡಿತು. ಹದಿನೆಂಟು ದಿನಗಳ ನಂತರ ಅದೇ ಅಂಗಣದಲ್ಲಿ ಅದೇ ತಂಡ ನಾಕೌಟ್ ಆಡಲು ಬಂದಾಗ ನಾವು 5-0ರಿಂದ ಗೆದ್ದೆವು. ಎರಡು ಪಂದ್ಯಗಳ ಪುಟಗಳು ನನ್ನ ಪುಸ್ತಕದಲ್ಲಿ ಎದುರುಬದುರಾಗಿ ಬಂದಿವೆ, ಮೊದಲನೆಯದರಿಂದ ಎರಡನೆಯದನ್ನು ಊಹಿಸುವ ದಾರಿ ಇಂದಿಗೂ ನನಗೆ ಕಂಡಿಲ್ಲ. ಆ ವಾರಗಳಲ್ಲಿ ಬರೆದುಕೊಳ್ಳಬೇಕಾದದ್ದು ಮೂರೇ ವಿಷಯ: ಹಳದಿ ಕಾರ್ಡಿನಿಂದ ಯಾರು ಹೊರಗುಳಿಯುತ್ತಾರೆ, ಗಾಯಗೊಂಡವರಲ್ಲಿ ಯಾರು ತರಬೇತಿಗೆ ಮರಳಿದ್ದಾರೆ, ಶೂಟೌಟ್ ಬಂದರೆ ಒದೆಯುವ ಐವರು ಯಾರು. ಅವನ್ನು ಬರೆದು ಪುಸ್ತಕವನ್ನು ಮನೆಯಲ್ಲೇ ಬಿಟ್ಟು ಪಂದ್ಯಕ್ಕೆ ಹೋಗುವುದು ಒಳ್ಳೆಯದು.

ಋತು ಮುಗಿದ ಮರುದಿನ ಕೊನೆಯ ಪುಟ ಬರೆಯುವುದು ಬಾಕಿ. ನಾಲ್ಕನೆಯ ಪುಟದ ಮೂರು ಸಾಲುಗಳಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ ಎಂಬುದರ ಜೊತೆಗೆ ನಿಮ್ಮ ಅಂದಾಜು ಎಲ್ಲಿ ತಪ್ಪಿತೆಂದು ಒಂದು ಸಾಲು ಇರಲಿ. ಮುಂದಿನ ಋತುವಿನ ಮೂರನೆಯ ಪುಟ ಬರೆಯುವಾಗ ಅದನ್ನೇ ಮೊದಲು ಓದಬೇಕು. 2024-25ರ ನನ್ನ ಪುಸ್ತಕದಲ್ಲಿ ಆಗಲೇಬೇಕಾದದ್ದು ಆರನೆಯ ಸ್ಥಾನ, ಆಗಬಹುದಾದದ್ದು ಸೆಮಿಫೈನಲ್, ಹಬ್ಬದ ಸಾಲಿನಲ್ಲಿ ಕಪ್ ಎಂದಿದೆ. ಮೊದಲೆರಡರ ಮುಂದೆ ಸರಿ ಗುರುತು ಹಾಕಿದ್ದೇನೆ. ಏಪ್ರಿಲ್ 12ರಂದು ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ ಮೋಹನ್ ಬಾಗಾನ್ ಎದುರು ಆಡಿದ ಫೈನಲ್‌ನ ಪುಟದಲ್ಲಿ ಮಾತ್ರ ಗೋಲುಗಳ ನಿಮಿಷಗಳಷ್ಟೇ ಇವೆ: ನಾವು ಮುನ್ನಡೆ ಪಡೆದ 49, ಅವರು ಪೆನಾಲ್ಟಿಯಿಂದ ಸಮ ಮಾಡಿದ 72, ಹೆಚ್ಚುವರಿ ಅವಧಿಯಲ್ಲಿ ಅವರು ಗೆಲುವಿನ ಗೋಲು ಹೊಡೆದ 96. ಮೂರನೆಯ ಸಾಲಿನ ಪಕ್ಕದಲ್ಲಿ ಪೆನ್ಸಿಲಿನ ಚುಕ್ಕಿ ಹಾಗೆಯೇ ಇದೆ.